ಮಕ್ಕಳಿಲ್ಲದ ಮನೆಯೂ ದೇವರ ಮನೆಯೇ



ಸಮುವೇಲನ ಮೊದಲನೆಯ ಗ್ರಂಥ ಒಬ್ಬ ಹೆಣ್ಣುಮಗಳ ಕಣ್ಣೀರಿನೊಂದಿಗೆ ಆರಂಭವಾಗುತ್ತದೆ. ಅವಳ ಹೆಸರು ಹನ್ನ. ಗಂಡ ಎಲ್ಕಾನನಿಗೆ ಅವಳ ಮೇಲೆ ಬಹಳ ಪ್ರೀತಿ. ಆದರೆ ಅವಳಿಗೆ ಮಕ್ಕಳಿಲ್ಲ. ಅವನ ಇನ್ನೊಬ್ಬ ಹೆಂಡತಿ ಪೆನಿನ್ನಳಿಗೆ ಮಕ್ಕಳಿದ್ದಾರೆ. ಪ್ರತಿ ವರ್ಷ ಮನೆಮಂದಿಯೆಲ್ಲ ಶಿಲೋವಿನ ದೇವಾಲಯಕ್ಕೆ ಹೋದಾಗ ಪೆನಿನ್ನಳು ಹನ್ನಳ ಮನಸ್ಸಿಗೆ ಚುಚ್ಚುವಂತೆ ಮಾತನಾಡುತ್ತಾಳೆ. ಹಬ್ಬದ ಊಟ ಎದುರಿಗಿದ್ದರೂ ಹನ್ನಳಿಗೆ ಗಂಟಲಲ್ಲಿ ತುತ್ತು ಇಳಿಯುವುದಿಲ್ಲ. ಕೊನೆಗೆ ಅವಳು ಎದ್ದು ಹೋಗಿ ದೇವರ ಮುಂದೆ ತನ್ನ ದುಃಖವನ್ನು ತೋಡಿಕೊಳ್ಳುತ್ತಾಳೆ. ತುಟಿಗಳು ಅಲುಗುತ್ತವೆ, ದನಿ ಹೊರಡುವುದಿಲ್ಲ. ದೇವಾಲಯದ ಬಾಗಿಲ ಬಳಿ ಕುಳಿತಿದ್ದ ಯಾಜಕ ಏಲಿ ಇದನ್ನು ನೋಡುತ್ತಾನೆ. ಈಕೆ ಕುಡಿದು ಬಂದಿದ್ದಾಳೆಂದು ತಿಳಿದು ಗದರಿಸುತ್ತಾನೆ (1 ಸಮುವೇಲ 1:1-14).

ಈ ವಾಚನದ ಮೇಲೆ ನಾನು ಎಷ್ಟೋ ಬಾರಿ ಪ್ರಬೋಧನೆ ಮಾಡಿದ್ದೇನೆ. ಹನ್ನಳ ಭಕ್ತಿಯನ್ನೂ ಅವಳ ಹರಕೆಯನ್ನೂ ಕೊಂಡಾಡಿದ್ದೇನೆ. ಏಲಿಯ ತಪ್ಪಿನ ಬಗ್ಗೆ ಮಾತ್ರ ಒಮ್ಮೆಯೂ ಮಾತನಾಡಿರಲಿಲ್ಲ. ಅದೇ ತಪ್ಪನ್ನು ನಾನೂ ಮಾಡಿದ್ದೆನೆಂದು ನನಗೆ ತಿಳಿದದ್ದು ಬಹಳ ತಡವಾಗಿ.

ನಾನು ಮಾಡಿದ ತಪ್ಪು

ಹಲವು ವರ್ಷಗಳ ಹಿಂದೆ ನಾನು ಒಂದು ಹಳ್ಳಿಯ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಮಂಗಳವಾರದ ಸಂತ ಅಂತೋಣಿಯವರ ನವೇನಕ್ಕೆ ಒಬ್ಬ ಹೆಣ್ಣುಮಗಳು ತಪ್ಪದೆ ಬರುತ್ತಿದ್ದಳು. ಮದುವೆಯಾಗಿ ಏಳು ವರ್ಷ ಕಳೆದಿತ್ತು, ಮಕ್ಕಳಾಗಿರಲಿಲ್ಲ. ನವೇನ ಮುಗಿದ ಮೇಲೆ ಜನರೆಲ್ಲ ಹೋಗುವವರೆಗೆ ಕಾದಿದ್ದು, ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿರೆಂದು ಕೇಳುತ್ತಿದ್ದಳು. ನಾನು ಪ್ರಾರ್ಥಿಸುತ್ತಿದ್ದೆ. ಶುಕ್ರವಾರ ಉಪವಾಸ ಮಾಡಲು ಹೇಳಿದೆ, ಮಾಡಿದಳು. ಡೋರ್ನಹಳ್ಳಿಗೆ ಹರಕೆ ಹೊತ್ತುಕೊಳ್ಳಲು ಹೇಳಿದೆ, ಹೊತ್ತುಕೊಂಡಳು. ವೇಲಾಂಕಣ್ಣಿಗೆ ಹೋಗಿ ಆರೋಗ್ಯಮಾತೆಯ ಸನ್ನಿಧಿಯಲ್ಲಿ ಮರದ ಪುಟ್ಟ ತೊಟ್ಟಿಲು ಕಟ್ಟಿ ಬಂದಳು. ಒಂದು ದಿನ ನಾನು ಇನ್ನೂ ಒಂದು ಮಾತು ಹೇಳಿದೆ: ಹಿಂದೆ ಏನಾದರೂ ಪಾಪ ಮಾಡಿದ್ದರೆ ಚೆನ್ನಾಗಿ ನೆನಪಿಸಿಕೊಂಡು ಪಾಪನಿವೇದನೆ ಮಾಡಮ್ಮ ಎಂದೆ. ಆಕೆ ಏನೂ ಹೇಳಲಿಲ್ಲ. ತಲೆಯ ಮೇಲಿನ ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡು ಹೊರಟುಹೋದಳು.

ಆಕೆಯ ಗಂಡ ಒಳ್ಳೆಯ ಮನುಷ್ಯ. ಭಾನುವಾರದ ಗಾಯನ ವೃಂದದಲ್ಲಿ ಹಾಡುತ್ತಿದ್ದ, ಹಬ್ಬದ ದಿನ ಚಪ್ಪರ ಹಾಕಲು ಎಲ್ಲರಿಗಿಂತ ಮುಂದಿರುತ್ತಿದ್ದ. ಅವನಿಗೆ ನಾನು ಯಾವ ಉಪವಾಸವನ್ನೂ ಹೇಳಲಿಲ್ಲ. ಯಾವ ಪಾಪವನ್ನೂ ನೆನಪಿಸಿಕೊಳ್ಳಲು ಹೇಳಲಿಲ್ಲ.

ನಮ್ಮ ಧರ್ಮಕೇಂದ್ರದ ಔಷಧಾಲಯದಲ್ಲಿ ಸೇವೆ ಮಾಡುತ್ತಿದ್ದ ಒಬ್ಬ ಸಿಸ್ಟರ್ ಒಂದು ದಿನ ನನ್ನನ್ನು ಕೇಳಿದರು: “ಸ್ವಾಮಿ, ಆಕೆಗೆ ಎಲ್ಲವನ್ನೂ ಹೇಳಿದ್ದೀರಿ. ಆಕೆಯ ಯಜಮಾನರಿಗೆ ಏನು ಹೇಳಿದ್ದೀರಿ?” ನನ್ನ ಬಳಿ ಉತ್ತರವಿರಲಿಲ್ಲ.

ಅವನನ್ನು ಕರೆದು, ನೀನೂ ಒಮ್ಮೆ ವೈದ್ಯರಿಗೆ ತೋರಿಸಿಕೋ ಎಂದು ಹೇಳಿದೆ. ಅವನಿಗೆ ಸಿಟ್ಟು ಬಂತು. ಎರಡು ಭಾನುವಾರ ಪೂಜೆಗೆ ಬರಲಿಲ್ಲ. ಮೂರನೆಯ ವಾರ ಗಂಡಹೆಂಡತಿ ಇಬ್ಬರೂ ಪೇಟೆಯ ಆಸ್ಪತ್ರೆಗೆ ಹೋದರು. ಹೆಂಡತಿಯ ಪರೀಕ್ಷೆಗಳಲ್ಲಿ ಯಾವ ತೊಂದರೆಯೂ ಕಾಣಲಿಲ್ಲ. ಗಂಡನ ವೀರ್ಯದಲ್ಲಿ ವೀರ್ಯಾಣುಗಳೇ ಇರಲಿಲ್ಲ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಅವನಿಗೆ ಮಂಗನಬಾವು ಬಂದು ಎರಡೂ ವೃಷಣಗಳು ಊದಿಕೊಂಡಿದ್ದವಂತೆ. ಅದೇ ಕಾರಣವಿರಬಹುದೆಂದು ವೈದ್ಯರು ಹೇಳಿದರು.

ಪ್ರಿಯರೇ, ಏಳು ವರ್ಷ ಆ ಹೆಣ್ಣುಮಗಳು ತನ್ನದಲ್ಲದ ಕೊರತೆಗೆ ಉಪವಾಸ ಮಾಡಿದ್ದಳು. ತನ್ನದಲ್ಲದ ಪಾಪವನ್ನು ಹುಡುಕಿಕೊಳ್ಳಲು ಒಬ್ಬ ಗುರು ಆಕೆಗೆ ಹೇಳಿದ್ದ. ಈ ತಪ್ಪು ಇನ್ನೊಂದು ಧರ್ಮಕೇಂದ್ರದಲ್ಲಿ, ಇನ್ನೊಂದು ಮನೆಯಲ್ಲಿ ನಡೆಯಬಾರದೆಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ಪಾಪದ ಫಲವೇ?

ಮೊದಲು ಈ ಪ್ರಶ್ನೆಗೆ ದೇವರ ವಾಕ್ಯದಿಂದಲೇ ಉತ್ತರ ಪಡೆಯೋಣ. ಸಂತ ಲೂಕನು ಜಕರೀಯ ಮತ್ತು ಎಲಿಸಬೇತಮ್ಮನವರನ್ನು ಪರಿಚಯಿಸುವ ಕ್ರಮವನ್ನು ಗಮನಿಸಿ. ಅವರಿಬ್ಬರೂ ದೇವರ ದೃಷ್ಟಿಯಲ್ಲಿ ನೀತಿವಂತರಾಗಿದ್ದರು ಎಂದು ಆತ ಮೊದಲು ಹೇಳುತ್ತಾನೆ. ಅವರಿಗೆ ಮಕ್ಕಳಿರಲಿಲ್ಲವೆಂಬ ಮಾತು ಆಮೇಲೆ ಬರುತ್ತದೆ (ಲೂಕ 1:5-7). ಮಕ್ಕಳಿಲ್ಲದಿರುವುದು ದೇವರು ಕೊಟ್ಟ ಶಿಕ್ಷೆಯೆಂದು ಯಾರಾದರೂ ಎಣಿಸಿಯಾರೆಂಬ ಎಚ್ಚರಿಕೆಯಿಂದಲೇ ಹೀಗೆ ಬರೆದಂತಿದೆ. ಹುಟ್ಟುಕುರುಡನನ್ನು ಕಂಡಾಗ ಶಿಷ್ಯರು, ಇದು ಯಾರ ಪಾಪದ ಫಲ, ಇವನದೋ ಇವನ ತಂದೆತಾಯಿಗಳದೋ ಎಂದು ಕೇಳಿದರು. ಇಬ್ಬರದೂ ಅಲ್ಲವೆಂದು ಪ್ರಭು ಯೇಸು ಸ್ಪಷ್ಟವಾಗಿ ಹೇಳಿದರು (ಯೊವಾನ್ನ 9:1-3).

ಮಾತೆ ಮರಿಯಮ್ಮನವರ ತಂದೆತಾಯಿಗಳಾದ ಸಂತ ಜೋಕಿಮ್ ಮತ್ತು ಸಂತ ಅನ್ನಮ್ಮನವರ ಹಬ್ಬವನ್ನು ನಾವು ಜುಲೈ 26ರಂದು ಆಚರಿಸುತ್ತೇವೆ. ಅವರ ಕಥೆ ಶುಭಸಂದೇಶಗಳಲ್ಲಿಲ್ಲ. ಎರಡನೆಯ ಶತಮಾನದ, ಯಕೋಬನ ಹೆಸರಿನಲ್ಲಿರುವ ಒಂದು ಹಳೆಯ ಬರಹದಲ್ಲಿದೆ. ಅದರ ಪ್ರಕಾರ, ಸಂತಾನವಿಲ್ಲದವನು ಎಂಬ ಕಾರಣಕ್ಕೆ ಜೋಕಿಮರ ಕಾಣಿಕೆಯನ್ನು ಎಲ್ಲರೆದುರು ತಡೆಯಲಾಗುತ್ತದೆ. ಅವರು ಮನೆಗೂ ಹೋಗದೆ ಅರಣ್ಯಕ್ಕೆ ಹೋಗಿ ನಲವತ್ತು ದಿನ ಉಪವಾಸವಿರುತ್ತಾರೆ. ಮನೆಯಲ್ಲಿ ಅನ್ನಮ್ಮನವರು ಮರದಲ್ಲಿ ಗುಬ್ಬಚ್ಚಿಯ ಗೂಡನ್ನು ಕಂಡು ಅಳುತ್ತಾರೆ. ಇದು ಧರ್ಮಗ್ರಂಥವಲ್ಲ, ಪರಂಪರೆ. ಆದರೂ ಈ ದುಃಖ ಗಂಡಹೆಂಡತಿ ಇಬ್ಬರದೂ ಎಂಬುದನ್ನು ಆ ಕಾಲದ ವಿಶ್ವಾಸಿಗಳು ಅರಿತಿದ್ದರೆಂದು ಇದರಿಂದ ತಿಳಿಯುತ್ತದೆ.

ಹೊಲ ಮತ್ತು ಬೀಜದ ಹಳೆಯ ಎಣಿಕೆ

ಹಾಗಾದರೆ ಹೆಣ್ಣಿನ ಮೇಲೆಯೇ ಈ ಹೊರೆ ಏಕೆ ಬಿತ್ತು? ಗಂಡು ಬೀಜ ಬಿತ್ತುವವನು, ಹೆಣ್ಣು ಹೊಲ ಎಂಬ ಎಣಿಕೆ ಪ್ರಾಚೀನ ಕಾಲದಿಂದ ಅನೇಕ ದೇಶಗಳಲ್ಲಿತ್ತು, ನಮ್ಮಲ್ಲೂ ಇತ್ತು. ಬೆಳೆ ಬಾರದಿದ್ದರೆ ಹೊಲವನ್ನೇ ದೂರಿದರು. ಆದರೆ ಆ ಎಣಿಕೆ ಅರ್ಧ ಸತ್ಯವೂ ಅಲ್ಲ. ಹಾಲೆಂಡಿನ ಲೇವನ್‌ಹುಕ್ ಎಂಬುವರು ಸೂಕ್ಷ್ಮದರ್ಶಕದಲ್ಲಿ ವೀರ್ಯಾಣುವನ್ನು ಕಂಡದ್ದು 1677ರಲ್ಲಿ. ಸಸ್ತನಿಗಳ ಅಂಡಾಣುವನ್ನು ಫಾನ್ ಬೇರ್ ಎಂಬ ವಿಜ್ಞಾನಿ ಗುರುತಿಸಿದ್ದು 1827ರಲ್ಲಿ. ಹೆಣ್ಣಿನಿಂದ ಒಂದು, ಗಂಡಿನಿಂದ ಒಂದು, ಎರಡು ಕಣಗಳು ಸೇರಿಯೇ ಹೊಸ ಜೀವ ಎಂಬುದು ಮನುಷ್ಯರಿಗೆ ತಿಳಿದು ಇನ್ನೂರು ವರ್ಷವೂ ಆಗಿಲ್ಲ. ದೇವರಿಗೆ ಮೊದಲೇ ತಿಳಿದಿತ್ತು. ನಮ್ಮ ಬಾಯಲ್ಲಿ ಮಾತ್ರ ಇಂದಿಗೂ ‘ಬಂಜೆ’ ಎಂಬ ಮಾತು ಹೆಣ್ಣಿಗೇ ಮೀಸಲು.

ಈಗಿನ ವೈದ್ಯಶಾಸ್ತ್ರ ಹೇಳುವುದನ್ನು ಕೇಳಿ. ಗಂಡಹೆಂಡತಿ ಯಾವ ತಡೆಯೂ ಇಲ್ಲದೆ ಒಂದು ವರ್ಷ ಕೂಡಿ ಬಾಳಿದ ಮೇಲೂ ಗರ್ಭ ನಿಲ್ಲದಿದ್ದರೆ ಅದನ್ನು ಬಂಜೆತನವೆಂದು ಪರಿಗಣಿಸಿ ಕಾರಣ ಹುಡುಕಬೇಕು. ಹೆಂಡತಿಯ ವಯಸ್ಸು 35 ದಾಟಿದ್ದರೆ ಆರು ತಿಂಗಳಿಗೇ ವೈದ್ಯರನ್ನು ಕಾಣುವುದು ಒಳ್ಳೆಯದು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಜಗತ್ತಿನ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಬಾಳಿನಲ್ಲಿ ಎಂದಾದರೂ ಈ ತೊಂದರೆಯನ್ನು ಅನುಭವಿಸುತ್ತಾರೆ. ಇಂಥ ದಂಪತಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯಲ್ಲಿ ಗಂಡನ ಕಡೆಯ ಕಾರಣವೂ ಇರುತ್ತದೆ, ಅದೊಂದೇ ಆಗಿಯೋ ಹೆಂಡತಿಯ ಕಾರಣದೊಂದಿಗೆ ಸೇರಿಯೋ. ಕೆಲವರಲ್ಲಿ ಎಷ್ಟು ಪರೀಕ್ಷಿಸಿದರೂ ಕಾರಣ ಸಿಗುವುದಿಲ್ಲ. ಒಂದು ಮಗುವಾದ ಮೇಲೆ ಮುಂದೆ ಮಕ್ಕಳಾಗದವರೂ ಇದ್ದಾರೆ. “ಒಂದಿದೆಯಲ್ಲ” ಎಂದು ಅವರ ನೋವನ್ನು ಹಗುರ ಮಾಡಬಾರದು.

ಹೆಂಡತಿಯ ಕಡೆಯ ಕಾರಣಗಳು

ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಹತ್ತರಿಂದ ಇಪ್ಪತ್ತು ಲಕ್ಷ ಅಂಡಾಣುಗಳಿರುತ್ತವೆ. ಅವು ಮತ್ತೆ ಹುಟ್ಟುವುದಿಲ್ಲ, ವರ್ಷ ಕಳೆದಂತೆ ಕಡಿಮೆಯಾಗುತ್ತವೆ. ಸಾಮಾನ್ಯವಾಗಿ ತಿಂಗಳಿಗೊಂದು ಅಂಡಾಣು ಪಕ್ವವಾಗಿ ಹೊರಬಂದು ಅಂಡನಾಳವನ್ನು ಸೇರುತ್ತದೆ. ಅಲ್ಲಿ ವೀರ್ಯಾಣು ಅದನ್ನು ಕೂಡಬೇಕು. ಈ ದಾರಿಯಲ್ಲಿ ಎಲ್ಲಿ ಅಡ್ಡಿಯಾದರೂ ಗರ್ಭ ನಿಲ್ಲುವುದಿಲ್ಲ.

ಮೊದಲನೆಯ ಅಡ್ಡಿ, ಅಂಡಾಣು ಸರಿಯಾಗಿ ಬಿಡುಗಡೆಯಾಗದಿರುವುದು. ‘ಪಿಸಿಓಎಸ್’ ಎಂದು ವೈದ್ಯರು ಹೇಳುವ ತೊಂದರೆ ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದೆ. ಎರಡು ಮೂರು ತಿಂಗಳಿಗೊಮ್ಮೆ ಮುಟ್ಟಾಗುವುದು, ಮುಖದ ಮೇಲೆ ಕೂದಲು ಬೆಳೆಯುವುದು, ತೂಕ ಏರುವುದು ಇದರ ಗುರುತುಗಳು. ಥೈರಾಯ್ಡ್ ಗ್ರಂಥಿಯ ಏರುಪೇರಿನಿಂದಲೂ ಹೀಗಾಗಬಹುದು. ಇವುಗಳಿಗೆ ಔಷಧವಿದೆ, ಅನೇಕರಿಗೆ ಗುಣವಾಗುತ್ತದೆ.

ಎರಡನೆಯದು, ಅಂಡನಾಳಗಳು ಮುಚ್ಚಿಹೋಗುವುದು. ಗುಹ್ಯರೋಗಗಳು, ಅಶುದ್ಧ ರೀತಿಯಲ್ಲಿ ನಡೆದ ಹೆರಿಗೆ ಅಥವಾ ಗರ್ಭಪಾತದ ನಂತರದ ಸೋಂಕು ಇದಕ್ಕೆ ಕಾರಣ. ನಮ್ಮ ದೇಶದಲ್ಲಿ ಕ್ಷಯರೋಗವೂ ಒಂದು ಮುಖ್ಯ ಕಾರಣ. ಕ್ಷಯ ಶ್ವಾಸಕೋಶಕ್ಕೆ ಮಾತ್ರ ಬರುವ ರೋಗವಲ್ಲ. ಕೆಮ್ಮಿಲ್ಲದೆ, ಜ್ವರವಿಲ್ಲದೆ ಸದ್ದಿಲ್ಲದೆ ಅಂಡನಾಳಗಳನ್ನೂ ಗರ್ಭಕೋಶವನ್ನೂ ಹಾಳು ಮಾಡಬಲ್ಲದು. ಗುಹ್ಯರೋಗವೆಂದ ಕೂಡಲೇ ಹೆಂಡತಿಯ ಶೀಲವನ್ನು ಶಂಕಿಸುವವರಿದ್ದಾರೆ. ಏನೂ ಅರಿಯದ ಹೆಂಡತಿಗೆ ಗಂಡನಿಂದಲೇ ಆ ಸೋಂಕು ಬಂದಿರುವ ಉದಾಹರಣೆಗಳು ಬೇಕಾದಷ್ಟಿವೆ.

ಮೂರನೆಯದು ಎಂಡೊಮೆಟ್ರಿಯೋಸಿಸ್. ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆಲ್ಲೋ ಬೆಳೆಯುತ್ತದೆ. ಸುಮಾರು ಹತ್ತು ಹೆಂಗಸರಲ್ಲಿ ಒಬ್ಬರಿಗೆ ಇದಿದೆ. ಮುಟ್ಟಿನ ದಿನಗಳಲ್ಲಿ ತಡೆಯಲಾರದ ನೋವು ಇದರ ದೊಡ್ಡ ಗುರುತು. “ಹೆಣ್ಣಾದ ಮೇಲೆ ನೋವು ತಡೆದುಕೊಳ್ಳಬೇಕು” ಎಂದು ನಮ್ಮ ತಾಯಂದಿರು ಹೆಣ್ಣುಮಕ್ಕಳ ಬಾಯಿ ಮುಚ್ಚಿಸುತ್ತಾರೆ. ಮಗಳು ತಿಂಗಳು ತಿಂಗಳು ಶಾಲೆ ಬಿಟ್ಟು ಮಲಗುವಷ್ಟು ನೋವಿದ್ದರೆ ವೈದ್ಯರಿಗೆ ತೋರಿಸಿ. ಇವಲ್ಲದೆ ಗರ್ಭಕೋಶದ ಗಡ್ಡೆಗಳು ಕೆಲವೊಮ್ಮೆ ಕಾರಣವಾಗುತ್ತವೆ. ವಯಸ್ಸಂತೂ ಎಲ್ಲಕ್ಕಿಂತ ದೊಡ್ಡದು. ಮೂವತ್ತೈದರ ನಂತರ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಕುಗ್ಗುತ್ತವೆ.

ಗಂಡನ ಕಡೆಯ ಕಾರಣಗಳು

ಗಂಡಸರೇ, ಈ ಭಾಗವನ್ನು ದಾಟಿಸಿ ಓದಬೇಡಿ. ದಾಂಪತ್ಯ ನಡೆಸುವ ಶಕ್ತಿ ಬೇರೆ, ವೀರ್ಯಾಣುಗಳು ಇರುವುದು ಬೇರೆ. ಗಟ್ಟಿಮುಟ್ಟಾಗಿ ದುಡಿಯುವ, ದಾಂಪತ್ಯದಲ್ಲಿ ಯಾವ ಕೊರತೆಯೂ ಇಲ್ಲದ ಗಂಡಸಿನಲ್ಲೂ ವೀರ್ಯಾಣುಗಳು ಕಡಿಮೆಯಿರಬಹುದು. ಕಣ್ಣಿಗೆ ಕಾಣುವ ಯಾವ ಗುರುತೂ ಇರುವುದಿಲ್ಲ. ಆದ್ದರಿಂದ “ನನಗೇನಾಗಿದೆ?” ಎಂಬ ಮಾತು ಉತ್ತರವಲ್ಲ, ಪರೀಕ್ಷೆಯೇ ಉತ್ತರ.

ವೀರ್ಯ ಪರೀಕ್ಷೆ ಸುಲಭವಾದದ್ದು, ಖರ್ಚೂ ಕಡಿಮೆ, ನೋವಿಲ್ಲ. ಹೆಂಡತಿಗೆ ಮಾಡುವ ಅನೇಕ ಪರೀಕ್ಷೆಗಳಲ್ಲಿ ನೋವಿದೆ. ಹೀಗಿದ್ದೂ ಹೆಂಡತಿಯ ಎಲ್ಲ ಪರೀಕ್ಷೆಗಳು ಮುಗಿದ ಮೇಲೆ ಕಟ್ಟಕಡೆಗೆ ಗಂಡ ಒಪ್ಪುವುದು ನಮ್ಮಲ್ಲಿ ರೂಢಿ. ಇದು ನ್ಯಾಯವಲ್ಲ. ಇಬ್ಬರ ಪರೀಕ್ಷೆಯೂ ಒಟ್ಟಿಗೆ ಆರಂಭವಾಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿಯ ಪ್ರಕಾರ ಒಂದು ಮಿಲಿಲೀಟರ್ ವೀರ್ಯದಲ್ಲಿ 1 ಕೋಟಿ 60 ಲಕ್ಷ ವೀರ್ಯಾಣುಗಳು ಕೆಳಗಿನ ಮಿತಿ. ಅದಕ್ಕಿಂತ ಕಡಿಮೆಯಿದ್ದ ಮಾತ್ರಕ್ಕೆ ಮಕ್ಕಳಾಗುವುದೇ ಇಲ್ಲವೆಂದಲ್ಲ. ಒಂದು ಪರೀಕ್ಷೆಯಲ್ಲಿ ಕೊರತೆ ಕಂಡರೆ ಮತ್ತೊಮ್ಮೆ ಮಾಡಿಸಬೇಕು. ಮಾದರಿ ಕೊಡುವ ರೀತಿಯ ಬಗ್ಗೆ ಮನಸ್ಸಾಕ್ಷಿಗೆ ಅಳುಕಿದ್ದರೆ ಗುರುಗಳೊಂದಿಗೂ ವೈದ್ಯರೊಂದಿಗೂ ಮಾತನಾಡಿ. ದಾಂಪತ್ಯದ ಕೂಟವನ್ನು ಬಿಡದೆಯೇ ಮಾದರಿ ಪಡೆಯುವ ದಾರಿಯುಂಟು.

ಕಾರಣಗಳು ಹಲವು. ವೃಷಣದ ಸುತ್ತಲಿನ ರಕ್ತನಾಳಗಳು ಉಬ್ಬಿಕೊಳ್ಳುವ ವೆರಿಕೋಸೀಲ್ ಎಂಬ ತೊಂದರೆ ನೂರು ಗಂಡಸರಲ್ಲಿ ಸುಮಾರು 15 ಮಂದಿಗಿದೆ. ಬಂಜೆತನಕ್ಕಾಗಿ ಪರೀಕ್ಷೆಗೆ ಬರುವ ಗಂಡಸರಲ್ಲಿ ನೂರಕ್ಕೆ 35ರಿಂದ 40 ಮಂದಿಯಲ್ಲಿ ಕಾಣುತ್ತದೆ. ಅಗತ್ಯವಿದ್ದವರಿಗೆ ಶಸ್ತ್ರಚಿಕಿತ್ಸೆಯಿದೆ. ಹರೆಯದ ನಂತರ ಬರುವ ಮಂಗನಬಾವು, ಚಿಕ್ಕಂದಿನಲ್ಲಿ ವೃಷಣ ಕೆಳಗಿಳಿಯದೆ ಹೊಟ್ಟೆಯಲ್ಲೇ ಉಳಿದಿರುವುದು, ಗುಹ್ಯರೋಗದಿಂದ ನಾಳ ಮುಚ್ಚುವುದು, ಹಾರ್ಮೋನುಗಳ ಕೊರತೆ, ಹುಟ್ಟಿನಿಂದಲೇ ಬಂದ ವಂಶವಾಹಿಯ ದೋಷ, ಸಕ್ಕರೆ ಕಾಯಿಲೆ ಇವೂ ಕಾರಣಗಳು. ಬೀಡಿ, ಸಿಗರೇಟು, ಗುಟ್ಕಾ, ವಿಪರೀತ ಕುಡಿತ ವೀರ್ಯಾಣುಗಳಿಗೆ ಹಾನಿ ಮಾಡುತ್ತವೆ. ಮೈಕಟ್ಟಿಗಾಗಿ ವ್ಯಾಯಾಮಶಾಲೆಗಳಲ್ಲಿ ಯುವಕರು ಚುಚ್ಚಿಸಿಕೊಳ್ಳುವ ಹಾರ್ಮೋನು ಇಂಜೆಕ್ಷನ್ ವೀರ್ಯಾಣುಗಳ ಉತ್ಪತ್ತಿಯನ್ನೇ ನಿಲ್ಲಿಸಬಲ್ಲದು. ವೃಷಣಗಳು ದೇಹದ ಶಾಖಕ್ಕಿಂತ ಸ್ವಲ್ಪ ತಂಪಾಗಿರಬೇಕು. ದಿನವಿಡೀ ಕುಲುಮೆ, ಬೇಕರಿಯ ಒಲೆಗಳ ಎದುರು ದುಡಿಯುವವರು ಇದನ್ನು ವೈದ್ಯರಿಗೆ ತಿಳಿಸಬೇಕು. ಒಂದು ವೀರ್ಯಾಣು ತಯಾರಾಗಲು ಸುಮಾರು ಎರಡೂವರೆ ತಿಂಗಳು ಬೇಕು. ಆದ್ದರಿಂದ ಇಂದು ದುಶ್ಚಟ ಬಿಟ್ಟರೆ ಅದರ ಫಲ ಕಾಣಲು ಮೂರು ತಿಂಗಳಾದರೂ ತಾಳ್ಮೆಯಿಂದಿರಬೇಕು.

ಕೂಡಿ ಬಾಳುವ ದಿನಗಳು

ಹೊರಬಂದ ಅಂಡಾಣು ಬದುಕಿರುವುದು ಹೆಚ್ಚೆಂದರೆ ಒಂದು ದಿನ. ಹೆಂಡತಿಯ ದೇಹದಲ್ಲಿ ವೀರ್ಯಾಣು ಐದು ದಿನಗಳವರೆಗೆ ಬದುಕಿರಬಲ್ಲದು. ಹೀಗೆ ತಿಂಗಳಲ್ಲಿ ಸುಮಾರು ಆರು ದಿನ ಮಾತ್ರ ಗರ್ಭ ನಿಲ್ಲುವ ಸಾಧ್ಯತೆಯಿದೆ. ಕರಾವಳಿಯ ನಮ್ಮ ಎಷ್ಟೋ ಕುಟುಂಬಗಳಲ್ಲಿ ಗಂಡ ಗಲ್ಫಿನಲ್ಲಿರುತ್ತಾನೆ, ವರ್ಷಕ್ಕೋ ಎರಡು ವರ್ಷಕ್ಕೋ ಒಂದು ತಿಂಗಳ ರಜೆಯಲ್ಲಿ ಬರುತ್ತಾನೆ. ಬೆಂಗಳೂರಿನಲ್ಲಿ ಒಬ್ಬರಿಗೆ ರಾತ್ರಿ ಪಾಳಿ, ಇನ್ನೊಬ್ಬರಿಗೆ ಹಗಲು ಪಾಳಿ. ಇಂಥ ದಂಪತಿಗಳಿಗೆ ಮದುವೆಯಾಗಿ ಐದು ವರ್ಷವಾಗಿರಬಹುದು. ಕೂಡಿ ಬಾಳಿದ ತಿಂಗಳುಗಳನ್ನು ಎಣಿಸಿದರೆ ಒಂದು ವರ್ಷವೂ ಆಗಿರುವುದಿಲ್ಲ. ಅವರನ್ನು ದೂರುವ ಮೊದಲು ಲೆಕ್ಕ ಹಾಕಿ ನೋಡಿ.

ಆಸ್ಟ್ರೇಲಿಯದ ಕಥೋಲಿಕ ವೈದ್ಯ ದಂಪತಿ ಜಾನ್ ಮತ್ತು ಎವೆಲಿನ್ ಬಿಲ್ಲಿಂಗ್ಸ್ ಅವರ ಹೆಸರಿನ ಬಿಲ್ಲಿಂಗ್ಸ್ ವಿಧಾನವನ್ನು ಮದುವೆ ಸಿದ್ಧತಾ ಶಿಬಿರಗಳಲ್ಲಿ ಅನೇಕರು ಕೇಳಿರಬಹುದು. ಅದು ಹೆರಿಗೆಗಳ ನಡುವೆ ಅಂತರವಿಡಲು ಮಾತ್ರ ಎಂದು ತಿಳಿದವರೇ ಹೆಚ್ಚು. ಮಗುವನ್ನು ಬಯಸುವವರಿಗೂ ಅದು ನೆರವಾಗುತ್ತದೆ. ಹೆಂಡತಿ ತನ್ನ ದೇಹದ ಸ್ರಾವವನ್ನು ಗಮನಿಸಿ, ಅದು ಮೊಟ್ಟೆಯ ಬಿಳಿಯ ಲೋಳೆಯಂತೆ ತಿಳಿಯಾಗಿ ಎಳೆಯಾಗುವ ದಿನಗಳನ್ನು ಗುರುತಿಸಿಕೊಳ್ಳುತ್ತಾಳೆ. ಫಲವತ್ತಾದ ದಿನಗಳು ಅವೇ.

ಒಂದು ಎಚ್ಚರಿಕೆಯ ಮಾತು. ರಸ್ತೆ ಬದಿಯ ಗುಡಾರದಲ್ಲಿ ಪುಡಿ ಮಾರುವವರು, ‘ಖಂಡಿತ ಮಗುವಾಗುತ್ತದೆ’ ಎಂದು ಮುಂಗಡ ಹಣ ಕೇಳುವವರು, ಮಾಟ ತೆಗೆಯುತ್ತೇವೆನ್ನುವವರು ಇವರ ಬಾಗಿಲಿಗೆ ಹೋಗಬೇಡಿ. ಹಣದ ಜೊತೆ ಅಮೂಲ್ಯವಾದ ವರ್ಷಗಳೂ ಹೋಗುತ್ತವೆ.

ಧರ್ಮಸಭೆಯ ಬೋಧನೆ

ವೈದ್ಯರಲ್ಲಿಗೆ ಹೋಗುವುದು ವಿಶ್ವಾಸದ ಕೊರತೆಯೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಬಂಜೆತನವನ್ನು ನಿವಾರಿಸಲು ನಡೆಸುವ ಸಂಶೋಧನೆಯನ್ನು ಧರ್ಮಸಭೆ ಪ್ರೋತ್ಸಾಹಿಸುತ್ತದೆಂದು 1992ರ ಕಥೋಲಿಕ ಧರ್ಮೋಪದೇಶ ಗ್ರಂಥ ಹೇಳುತ್ತದೆ. 2008ರಲ್ಲಿ ರೋಮ್ ಹೊರಡಿಸಿದ ‘ದಿಗ್ನಿತಾಸ್ ಪೆರ್ಸೋನೇ’ ಎಂಬ ಬೋಧನಾಪತ್ರ ಹಾರ್ಮೋನು ಚಿಕಿತ್ಸೆ, ಎಂಡೊಮೆಟ್ರಿಯೋಸಿಸ್‌ಗೆ ಶಸ್ತ್ರಚಿಕಿತ್ಸೆ, ಮುಚ್ಚಿದ ಅಂಡನಾಳಗಳನ್ನು ತೆರೆಯುವ ಚಿಕಿತ್ಸೆಗಳನ್ನು ಹೆಸರಿಸಿ ಒಪ್ಪಿದೆ. ಇವು ಅಡ್ಡಿಯನ್ನು ತೆಗೆದುಹಾಕುತ್ತವೆ. ಮಗು ಮಾತ್ರ ಗಂಡಹೆಂಡತಿಯರ ದಾಂಪತ್ಯದ ಪ್ರೀತಿಯಿಂದಲೇ ಉಂಟಾಗುತ್ತದೆ.

ಪ್ರಯೋಗಶಾಲೆಯಲ್ಲಿ ಭ್ರೂಣವನ್ನು ಉಂಟುಮಾಡುವ ವಿಧಾನದಿಂದ ಹುಟ್ಟಿದ ಮೊದಲ ಮಗು ಲೂಯಿಸ್ ಬ್ರೌನ್, 1978ರ ಜುಲೈ 25ರಂದು ಇಂಗ್ಲೆಂಡಿನಲ್ಲಿ ಜನಿಸಿದಳು. ಈ ವಿಧಾನವನ್ನು ಧರ್ಮಸಭೆ ಒಪ್ಪುವುದಿಲ್ಲ. 1987ರ ‘ದೋನುಮ್ ವೀತೇ’ ಎಂಬ ಬೋಧನಾಪತ್ರ ಇದರ ಕಾರಣಗಳನ್ನು ವಿವರಿಸಿದೆ: ಇಲ್ಲಿ ದಾಂಪತ್ಯದ ಕೂಟದ ಸ್ಥಾನವನ್ನು ತಂತ್ರಜ್ಞಾನ ಆಕ್ರಮಿಸುತ್ತದೆ, ಉಂಟಾದ ಭ್ರೂಣಗಳಲ್ಲಿ ಕೆಲವು ನಾಶವಾಗುತ್ತವೆ, ಕೆಲವನ್ನು ಹಿಮದಲ್ಲಿಡಲಾಗುತ್ತದೆ. ಬೇರೆಯವರ ಅಂಡಾಣು ಅಥವಾ ವೀರ್ಯಾಣುವನ್ನು ಪಡೆಯುವುದು, ಬಾಡಿಗೆ ತಾಯ್ತನ ಇವೂ ಮದುವೆಯ ಐಕ್ಯಕ್ಕೆ ವಿರುದ್ಧ. ಇದನ್ನು ಕೇಳಿದಾಗ ಕೆಲವು ದಂಪತಿಗಳಿಗೆ ಎದೆಗೆ ಕಲ್ಲು ಬಿದ್ದಂತಾಗುತ್ತದೆಂದು ನಾನು ಬಲ್ಲೆ. ಇರುವ ಒಂದೇ ಬಾಗಿಲನ್ನೂ ಮುಚ್ಚಿದಿರಿ ಎಂದು ಒಬ್ಬರು ನನ್ನ ಮುಖಕ್ಕೇ ಹೇಳಿದ್ದಾರೆ. ಅವರ ಮುಂದೆ ನಾನು ಸುಮ್ಮನೆ ಕುಳಿತು ಕೇಳಿದೆ. ಬೋಧನೆಯನ್ನು ಹೇಳಿ ಕೈತೊಳೆದುಕೊಂಡರೆ ನಾವು ಕುರುಬರಲ್ಲ. ಅವರ ಜೊತೆ ನಡೆಯಬೇಕು. ಇನ್ನೊಂದು ಮಾತನ್ನು ಮರೆಯಬೇಡಿ. ಯಾವ ವಿಧಾನದಿಂದ ಹುಟ್ಟಿದ್ದರೂ ಆ ಮಗು ದೇವರ ಮಗುವೇ. ಅದನ್ನು ಪ್ರೀತಿಯಿಂದ ಬರಮಾಡಿಕೊಳ್ಳಬೇಕೆಂದು ಅದೇ ಬೋಧನಾಪತ್ರ ಹೇಳುತ್ತದೆ. ಅಂಥ ಮಗುವಿನ ಬಗ್ಗೆ ಯಾರೂ ಬೆನ್ನಹಿಂದೆ ಪಿಸುಗುಟ್ಟಬಾರದು.

ಮಕ್ಕಳಿಲ್ಲವೆಂದು ಮಗನಿಗೆ ಬೇರೆ ಮದುವೆ ಮಾಡುವ ಆಲೋಚನೆ ಕೆಲವು ಹಿರಿಯರಿಗೆ ಬರುತ್ತದೆ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 1084ನೆಯ ನಿಯಮ ಸ್ಪಷ್ಟವಾಗಿದೆ: ಬಂಜೆತನ ಮದುವೆಗೆ ಅಡ್ಡಿಯಲ್ಲ, ಮದುವೆಯನ್ನು ಅಸಿಂಧುಗೊಳಿಸುವುದೂ ಇಲ್ಲ. ಮೊದಲೇ ತಿಳಿದಿದ್ದು ಮೋಸ ಮಾಡಲೆಂದು ಮುಚ್ಚಿಟ್ಟಿದ್ದರೆ ಅದು ಬೇರೆ ಪ್ರಶ್ನೆ. ಮಕ್ಕಳಿಲ್ಲದಿದ್ದರೂ ಮದುವೆ ತನ್ನ ಬೆಲೆಯನ್ನು ಕಳೆದುಕೊಳ್ಳುವುದಿಲ್ಲವೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಬೋಧಿಸಿತು. ಬಲಿಪೀಠದ ಮುಂದೆ ನೀವು ಒಬ್ಬರಿಗೊಬ್ಬರು ಮಾತು ಕೊಟ್ಟಿರಿ. ಆ ಮಾತಿಗೆ ‘ಮಕ್ಕಳಾದರೆ ಮಾತ್ರ’ ಎಂಬ ಷರತ್ತು ಇರಲಿಲ್ಲ.

ಮಗು ನಮ್ಮ ಹಕ್ಕಲ್ಲ, ದೇವರ ವರ. ವರವಾದ್ದರಿಂದಲೇ ಅದು ಇಲ್ಲದವರು ಶಾಪಗ್ರಸ್ತರಲ್ಲ. ಯೇಸುವಿನ ತಾಯಿಯ ಗರ್ಭವನ್ನು ಜನರ ನಡುವೆ ಒಬ್ಬಾಕೆ ಹೊಗಳಿದಾಗ, ದೇವರ ವಾಕ್ಯವನ್ನು ಕೇಳಿ ಅದರಂತೆ ನಡೆಯುವವರೇ ಧನ್ಯರೆಂದು ಪ್ರಭು ಉತ್ತರಿಸಿದರು (ಲೂಕ 11:27-28). ತಮ್ಮನ್ನು ಒಣಮರವೆಂದು ಭಾವಿಸಿದ್ದ ನಪುಂಸಕರಿಗೆ, ಗಂಡುಹೆಣ್ಣು ಮಕ್ಕಳಿಗಿಂತ ಮೇಲಾದ ಹೆಸರನ್ನು ತಮ್ಮ ಆಲಯದಲ್ಲಿ ಕೊಡುವುದಾಗಿ ದೇವರು ಯೆಶಾಯನ ಮೂಲಕ ಮಾತು ಕೊಟ್ಟರು (ಯೆಶಾಯ 56:3-5). ಸಂತಾನವಿಲ್ಲದ ಗಂಡಸು ಈ ವಚನವನ್ನು ತೆರೆದು ಓದಲಿ.

ದತ್ತು ಸ್ವೀಕಾರ

ಮೊದಲು ಕ್ರೈಸ್ತ ದಂಪತಿಗಳು 1890ರ ಕಾಯಿದೆಯಡಿ ಮಗುವಿನ ಪೋಷಕರು ಮಾತ್ರ ಆಗಬಹುದಿತ್ತು, ಕಾನೂನಿನಲ್ಲಿ ತಂದೆತಾಯಿಗಳಾಗುತ್ತಿರಲಿಲ್ಲ. 2000ದ ಬಾಲನ್ಯಾಯ ಕಾಯಿದೆ ಮತ್ತು ಅದರ 2006ರ ತಿದ್ದುಪಡಿಯಿಂದ ಎಲ್ಲ ಧರ್ಮದವರಿಗೂ ಪೂರ್ಣ ದತ್ತಕದ ದಾರಿ ತೆರೆಯಿತು. ಈಗ 2015ರ ಕಾಯಿದೆ ಜಾರಿಯಲ್ಲಿದೆ. ಕೇಂದ್ರ ದತ್ತು ಸಂಪನ್ಮೂಲ ಪ್ರಾಧಿಕಾರ, ಅಂದರೆ ‘ಕಾರಾ’ದಲ್ಲಿ ಹೆಸರು ನೋಂದಾಯಿಸಬೇಕು. ಮದುವೆಯಾಗಿ ಎರಡು ವರ್ಷವಾದರೂ ಕೂಡಿ ಬಾಳಿರಬೇಕು, ಗಂಡಹೆಂಡತಿ ಇಬ್ಬರೂ ಒಪ್ಪಿರಬೇಕು. ಆಸ್ಪತ್ರೆಯಲ್ಲೋ ದಲ್ಲಾಳಿಗಳ ಮೂಲಕವೋ ಗುಟ್ಟಾಗಿ ಮಗುವನ್ನು ಪಡೆಯುವುದು ಅಪರಾಧ. ಬಹಳ ವರ್ಷ ಕಾಯಬೇಕಾಗಬಹುದು. ಆದ್ದರಿಂದ ಮನಸ್ಸು ಮಾಡಿದವರು ತಡಮಾಡಬೇಡಿ. ಆದರೆ ದತ್ತು ಎಂಬುದು ದುಃಖಕ್ಕೆ ಮದ್ದಲ್ಲ. ಮಗುವಿಗೆ ಮನೆ ಬೇಕು, ಅದಕ್ಕಾಗಿ ದತ್ತು. ಎಲ್ಲರಿಗೂ ಆ ಕರೆ ಇರಬೇಕೆಂದೂ ಇಲ್ಲ.

ನಮಗೆಲ್ಲರಿಗೂ ಒಂದು ಮಾತು

ಅತ್ತೆಯರೇ, ನಾದಿನಿಯರೇ, ನೆರೆಹೊರೆಯವರೇ, “ಏನಮ್ಮ, ವಿಶೇಷವೇನೂ ಇಲ್ಲವೇ?” ಎಂದು ಕೇಳುವುದನ್ನು ನಿಲ್ಲಿಸಿ. ಸೀಮಂತಕ್ಕೆ, ನಾಮಕರಣಕ್ಕೆ ಅವರನ್ನು ಬೇಕೆಂದೇ ಬಿಡಬೇಡಿ. ಬರಲಾರೆನೆಂದರೆ ಬಲವಂತ ಮಾಡಬೇಡಿ. ಗುರುಗಳೇ, ತಾಯಂದಿರ ದಿನದಂದು ತಾಯಂದಿರನ್ನೆಲ್ಲ ಎದ್ದು ನಿಲ್ಲಲು ಹೇಳುವಾಗ ಕುಳಿತೇ ಇರುವವರನ್ನು ನೋಡಿ. ಏಲಿಗೆ ತನ್ನ ತಪ್ಪು ತಿಳಿದಾಗ ಅವನು ಹನ್ನಳಿಗೆ ಸಮಾಧಾನದ ಮಾತು ಹೇಳಿ ಆಶೀರ್ವದಿಸಿ ಕಳುಹಿಸಿದ. ಆಗ ಅವಳು ಊಟ ಮಾಡಿದಳು, ಅವಳ ಮುಖದ ದುಗುಡ ಹೋಯಿತು (1 ಸಮುವೇಲ 1:17-18). ಇನ್ನೂ ಗರ್ಭ ನಿಂತಿರಲಿಲ್ಲ. ಸಮುವೇಲ ಹುಟ್ಟಿದ್ದು ಆಮೇಲೆ. ಅವಳಿಗೆ ಮೊದಲು ಬೇಕಾಗಿದ್ದದ್ದು ತನ್ನ ನೋವನ್ನು ಅರಿತ ಒಂದು ಮಾತು.

ನನ್ನ ಹಳ್ಳಿಯ ಆ ದಂಪತಿಗೆ ಹಿಂದಿರುಗುತ್ತೇನೆ. ಫಲಿತಾಂಶ ತಿಳಿದ ಮೇಲೂ ಆ ಹೆಣ್ಣುಮಗಳು ಯಾರಿಗೂ ಏನೂ ಹೇಳಲಿಲ್ಲ. ಗಂಡನ ಮಾನ ಉಳಿಯಲೆಂದು ‘ಬಂಜೆ’ ಎಂಬ ಹೆಸರನ್ನು ತಾನೇ ಹೊತ್ತಿದ್ದಳು. ಹೀಗೆ ಎರಡು ವರ್ಷ ಕಳೆಯಿತು. ಮೈದುನನ ಮಗುವಿನ ಜ್ಞಾನಸ್ನಾನವಾಯಿತು. ಮನೆಯಲ್ಲಿ ಊಟದ ಹೊತ್ತಿನಲ್ಲಿ ಆಕೆ ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಅತ್ತೆ ಮಗುವನ್ನು ತೆಗೆದು ಬೇರೆಯವರ ಕೈಗೆ ಕೊಟ್ಟರು. ನಾನೂ ಅಲ್ಲೇ ಪಂಕ್ತಿಯಲ್ಲಿ ಕುಳಿತಿದ್ದೆ. ಬಡಿಸುತ್ತಿದ್ದ ಗಂಡ ಸಾರಿನ ಪಾತ್ರೆಯನ್ನು ಕೆಳಗಿಟ್ಟ.

“ಅವ್ವಾ, ಕೊರತೆ ಇರೋದು ಅವಳಲ್ಲಲ್ಲ, ನನ್ನಲ್ಲಿ. ಡಾಕ್ಟರು ಹೇಳಿ ಎರಡು ವರ್ಷ ಆಯ್ತು. ಇನ್ನು ಮೇಲೆ ಏನಾದ್ರೂ ಅನ್ನೋದಿದ್ರೆ ನನಗೆ ಅನ್ನಿ.”

ಯಾರೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಆ ಮುದುಕಿ ಎದ್ದು, ಮಗುವನ್ನು ತಿರುಗಿ ತೆಗೆದುಕೊಂಡು ಬಂದು ಸೊಸೆಯ ಮಡಿಲಿಗೆ ಹಾಕಿದರು.

ಅವರಿಗೆ ಮಕ್ಕಳಾಗಲಿಲ್ಲ. ಇಬ್ಬರೂ ಈಗಲೂ ಆ ಊರಿನಲ್ಲೇ ಇದ್ದಾರೆ. ಮುಂದಿನ ಮಂಗಳವಾರ ನವೇನಕ್ಕೆ ಇಬ್ಬರೂ ಜೊತೆಯಾಗಿ ಬಂದರು. ನಾನು ಇಬ್ಬರ ತಲೆಯ ಮೇಲೂ ಕೈಯಿಟ್ಟು ಪ್ರಾರ್ಥಿಸಿದೆ. ಅದಕ್ಕೆ ಮೊದಲು ಆಕೆಯ ಕ್ಷಮೆ ಕೇಳಿದೆ.

ಪ್ರಾರ್ಥಿಸೋಣ: ಹನ್ನಳ ಮೊರೆಯನ್ನು ಆಲಿಸಿದ ಪ್ರಭುವೇ, ಮಗುವಿಗಾಗಿ ಕಾಯುತ್ತಿರುವ ಎಲ್ಲ ದಂಪತಿಗಳನ್ನು ನೆನೆಸಿಕೊಳ್ಳಿ. ಗಂಡನಿಗೆ ಸತ್ಯವನ್ನು ಎದುರಿಸುವ ಧೈರ್ಯವನ್ನೂ ಹೆಂಡತಿಗೆ ನೆಮ್ಮದಿಯನ್ನೂ ವೈದ್ಯರಿಗೆ ಜ್ಞಾನವನ್ನೂ ದಯಪಾಲಿಸಿರಿ. ಅವರನ್ನು ನೋಯಿಸಿದ ನಮ್ಮ ನಾಲಿಗೆಗಳನ್ನು ಕ್ಷಮಿಸಿರಿ. ತೊಟ್ಟಿಲು ತೂಗುವ ಮನೆಯಲ್ಲೂ ತೂಗದ ಮನೆಯಲ್ಲೂ ನೀವೇ ನೆಲೆಸಿರಿ. ಆಮೆನ್.